ಸೋಗಿನ ಎಂ.ಎ.

ನಾನು ನಾಟಕದಲ್ಲಿ ಎಂ.ಎ. ಮಾಡಿದವನು. ಈ ಮಾತನ್ನು ನಮ್ಮ ಇಂಡಿ ತಾಲೂಕಿನಲ್ಲಿ ಗಟ್ಟಿಯಾಗಿ ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ನಮ್ಮ ಕಡೆ ‘ನಾಟಕ ಮಾಡುವುದು’ ಎಂದರೆ ಇದ್ದದ್ದನ್ನು ಇಲ್ಲ ಅನ್ನುವುದು, ಸಾಲ ಕೊಟ್ಟವನು ಕಂಡರೆ ಮುಖ ತಿರುಗಿಸುವುದು, ಸಾಲಿ ತಪ್ಪಿಸಲು ಹೊಟ್ಟೆ ಹಿಡಿದುಕೊಂಡು ನರಳುವುದು. ನಾನು ಟ್ರಂಕು ಕಟ್ಟುತ್ತಿದ್ದಾಗ ನಮ್ಮವ್ವ ಕಣ್ಣೊರೆಸಿಕೊಳ್ಳುತ್ತಲೇ ಕೇಳಿದ್ದಳು: “ಅಲ್ಲೋ, ನಾಟಕಾ ಕಲಿಯಾಕ ಅಷ್ಟು ದೂರ ಯಾಕ ಹೊಕ್ಕೀ? ಮನ್ಯಾಗ ದಿನಾ ಮಾಡತಿದ್ದಿಯಲ್ಲ, ಅದ ಸಾಲದೇನು?”

ಹಾಗಾದರೆ ನಿಜವಾದ ನಾಟಕಕ್ಕೆ ಏನೆನ್ನುತ್ತೀರಿ ಎಂದು ನೀವು ಕೇಳುತ್ತೀರಿ. ಅದಕ್ಕೆ ‘ಆಟ’ ಎನ್ನುತ್ತೇವೆ. ಬಯಲಿನಲ್ಲಿ ಅಟ್ಟ ಕಟ್ಟಿ ಬೆಳತನಕ ಆಡುವ ದೊಡ್ಡಾಟ. ಅದರಲ್ಲಿ ಪಾತ್ರ ಮಾಡುವುದಕ್ಕೆ ‘ಸೋಗು ಹಾಕುವುದು’ ಎಂದು ಹೆಸರು. ರಾಜನ ಸೋಗು, ರಾಣಿಯ ಸೋಗು, ರಕ್ಕಸನ ಸೋಗು. ಸೋಗು ಹಾಕುವವನಿಗೆ ಊರಲ್ಲಿ ಮೊದಲ ಚಹಾ. ಮೈಸೂರು ಸೀಮೆಯಲ್ಲಿ ಇದೆಲ್ಲ ತಿರುಗುಮುರುಗು: ಅಲ್ಲಿ ಸೋಗು ಹಾಕುವವನು ಢೋಂಗಿ, ನಾಟಕ ಮಾಡುವವನು ಕಲಾವಿದ. ವ್ಯತ್ಯಾಸ ಇಷ್ಟೇ. ಇಷ್ಟೇ ಇಷ್ಟನ್ನು ತಿಳಿಯದೆ ಒಬ್ಬರು ಪ್ರೊಫೆಸರರಾಗಿದ್ದರು, ಅವರ ಕೈಕೆಳಗೆ ನಾನು ಎಂ.ಎ. ಮಾಡಿದೆ.

ಇಂಡಿ ರೋಡ್ ಸ್ಟೇಷನ್ನಿನಲ್ಲಿ ರೈಲು ಹತ್ತಿ, ಸೊಲ್ಲಾಪುರದಲ್ಲೊಮ್ಮೆ ಮುಂಬಯಿಯಲ್ಲೊಮ್ಮೆ ಬದಲಿಸಿ ಹೋಗಬೇಕಾದ ಊರು ಅದು. ಹೆಸರು ಹೇಳುವುದಿಲ್ಲ, ಅಲ್ಲಿಯ ಊಟ ತಿಂದವನು ನಾನು. ಮೊದಲ ವರ್ಷ ಪಶ್ಚಿಮದ ಹಳೆಯ ರಂಗಮಂದಿರಗಳ ಮೆಟ್ಟಿಲುಗಳ ಬಗ್ಗೆ ಓದಿದೆವು. ಎರಡನೆಯ ವರ್ಷ ರಂಗದ ಮೇಲಿನ ಮೌನದ ಮಹತ್ವ. ಮೌನದ ಮೇಲೆ ನಮ್ಮ ಪ್ರೊಫೆಸರರು ವರ್ಷವಿಡೀ ಬಾಯಿ ಮುಚ್ಚದೆ ಮಾತಾಡಿದರು. ನಡೆಯುವುದಕ್ಕೆ ಒಂದು ತರಗತಿ, ಉಸಿರಾಡುವುದಕ್ಕೆ ಒಂದು. ಪಕ್ಕದ ಕಟ್ಟಡದಲ್ಲಿ ಚಿತ್ರಕಲೆಯ ಎಂ.ಎ.ದವರಿದ್ದರು. ಅವರು ಗಡ್ಡದಲ್ಲಿ ನಮಗಿಂತ ಮುಂದೆ. ಅವರಲ್ಲೊಬ್ಬ ದೊಡ್ಡ ಕ್ಯಾನ್ವಾಸಿಗೆ ತುದಿಯಿಂದ ತುದಿಗೆ ಕರಿ ಬಣ್ಣ ಬಳಿದು ‘ಮಧ್ಯಾಹ್ನ’ ಎಂದು ಹೆಸರಿಟ್ಟ. ಅವನಿಗೆ ಬಂಗಾರದ ಪದಕ ಬಂತು.

ನಮ್ಮ ಪ್ರೊಫೆಸರರು ಮೈಸೂರು ಕಡೆಯವರು. ನಟನೆಯ ಮೇಲೆ ಇಂಗ್ಲಿಷಿನಲ್ಲಿ ದಪ್ಪ ಪುಸ್ತಕ ಬರೆದಿದ್ದರು, ಆದರೆ ಒಮ್ಮೆಯೂ ರಂಗ ಹತ್ತಿದವರಲ್ಲ. ಹತ್ತಿದರೆ ದೃಷ್ಟಿ ಕೆಡುತ್ತದೆ ಎನ್ನುತ್ತಿದ್ದರು. ನಾನು ನಮ್ಮ ಊರಿನ ದೊಡ್ಡಾಟದ ಮೇಲೆ ಪ್ರಬಂಧ ಬರೆದೆ. ಅದೂ ಇಂಗ್ಲಿಷಿನಲ್ಲಿ, ಹೀಗಾಗಿ ‘ಸೋಗು’ ಎಂಬ ಮಾತು ಅದರಲ್ಲಿ ಎಲ್ಲೂ ಬರಲಿಲ್ಲ. ಬಂದಿದ್ದರೆ ಮುಂದಿನ ಅನಾಹುತ ತಪ್ಪುತ್ತಿತ್ತೋ ಏನೋ. ಓದಿ ಮುಗಿಸಿದ ಪ್ರೊಫೆಸರರು, “ನಾನೇ ಬಂದು ನೋಡ್ತೀನಿ. ದೆಹಲಿಯಲ್ಲಿ ಒಂದು ಉಪನ್ಯಾಸ ಕೊಡೋದಿದೆ, ಅದಕ್ಕೂ ಆಗುತ್ತೆ,” ಎಂದು ಹೊರಟೇ ಬಿಟ್ಟರು.

ನಮ್ಮೂರು ಸಾಲೋಟಗಿ. ಇಲ್ಲಿಯ ಕಂಬದ ಶಾಸನ ಓದಿದವರು ಹೇಳುತ್ತಾರೆ, ಸಾವಿರ ವರ್ಷದ ಹಿಂದೆ ಇಲ್ಲೊಂದು ದೊಡ್ಡ ಸಾಲಿಯಿತ್ತಂತೆ, ದೇಶದೇಶದ ಹುಡುಗರು ಇಲ್ಲಿಗೆ ಬಂದು ಕಲಿಯುತ್ತಿದ್ದರಂತೆ, ಅವರಿಗೆ ಉಣ್ಣಲು ಇರಲು ವ್ಯವಸ್ಥೆ ಇತ್ತಂತೆ. ಈಗ ನೋಡಿ, ಆ ಊರಿನವನು ಉಸಿರಾಡುವುದನ್ನು ಕಲಿಯಲು ಎರಡು ರೈಲು ಬದಲಿಸಿ ಹೋಗಬೇಕಾಯಿತು. ಪ್ರೊಫೆಸರರು ಕಂಬದ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಆಮೇಲೆ ಅವರನ್ನು ಮೌಲಾಸಾಬ ಕಾಕಾನ ಕಟ್ಟೆಗೆ ಕರೆದುಕೊಂಡು ಹೋದೆ.

ಮೌಲಾಸಾಬ ಕಾಕಾ ನಮ್ಮ ಆಟದ ರಾಜ. ಅವರಪ್ಪನೂ ರಾಜನೇ. ಲಿಂಬಿ ತೋಟದಲ್ಲಿ ನಿಂತು ಆಳಿಗೆ ನೀರು ಬಿಡಲು ಹೇಳಿದರೂ ಊರ ಬಾಗಿಲ ಅಗಸಿಯವರೆಗೆ ಕೇಳುವ ಗಂಟಲು. ಹೆಮ್ಮೆ ವಿಪರೀತ. ಆಟದ ದಿನ ಹತ್ತಿರ ಬಂತೆಂದರೆ ಮೀಸೆಗೆ ಎಣ್ಣೆ ಹಚ್ಚಿ, ತೋಟದಲ್ಲೂ ಎದೆಯುಬ್ಬಿಸಿ ನಡೆಯುವರು. ಬೇರೆಯವರು ತಮ್ಮ ಸೋಗಿನ ಕಿರೀಟ ಮುಟ್ಟಿದರೂ ಸಿಟ್ಟಾಗುವರು. ಆಟ ಮರುದಿನವಿತ್ತು. ಕಾಕಾ ಅರ್ಧ ರಾಜನಾಗಿಯೇ ಕಟ್ಟೆಯ ಮೇಲೆ ಕೂತಿದ್ದರು, ಸುತ್ತ ಮಂದಿ ನೆರೆದಿತ್ತು.

ಪ್ರೊಫೆಸರರು ಕನ್ನಡಕ ಒರೆಸಿಕೊಂಡು, “ಈ ಕಲೆಯ ತಾತ್ವಿಕ ನೆಲೆ ಯಾವುದು ಅಂತ ತಮ್ಮ ಅಭಿಪ್ರಾಯ?” ಎಂದರು. ಕಾಕಾ ನಕ್ಕು ಕೈಮುಗಿದರು: “ನಮಗೇನ ತಿಳೀತೈತ್ರಿ ಸಾಹೇಬ್ರ, ಹೊಲಾ ಮನಿ ಮಾಡಾವ್ರು ನಾವು.” ಹಳ್ಳಿಯವರು ಬೇಕೆಂದೇ ಏನೂ ತಿಳಿಯದವರಂತೆ ಇರುತ್ತಾರೆಂದು ಪ್ರೊಫೆಸರರು ಎಲ್ಲೋ ಓದಿದ್ದರು. ಬಹಳ ಪ್ರೀತಿಯಿಂದ ಕಾಕಾನ ಭುಜ ತಟ್ಟಿ, “ಅಯ್ಯೋ ಯಜಮಾನ್ರೇ, ಈ ಸೋಗೆಲ್ಲಾ ಬಿಟ್ಬಿಡಿ!” ಎಂದರು.

ಕಾಕಾನ ನಗೆ ಹೋಯಿತು. “ಸೋಗು ಬಿಡ್ಲೇನ್ರಿ?”

“ಹೌದು. ನಿಮ್ಮಂಥವರಿಗೆ ಸೋಗು ಒಪ್ಪೋದಿಲ್ಲ.”

ಕಾಕಾ ಎದ್ದು ಒಳಗೆ ಹೋದರು. ಅವರು ಪೂಜೆಗೆ ಎದ್ದರೆಂದೋ ಚಹಾ ತರಲು ಹೋದರೆಂದೋ ತಿಳಿದ ಪ್ರೊಫೆಸರರು ಖುಷಿಯಾಗಿ, ಇಂಡಿಯಲ್ಲಿ ತಾವು ಇಳಿದುಕೊಂಡಿದ್ದ ಬಂಗಲೆಗೆ ಮರಳಿದರು. ಮೌಲಾಸಾಬ ಎಂಬ ಹೆಸರಿನವರು ಪೂಜೆಗೇಕೆ ಏಳುತ್ತಾರೆ ಎಂಬುದೂ ಅವರಿಗೆ ಹೊಳೆದಿರಲಿಲ್ಲ. ಸಂಜೆಗೆ ಕಾಕಾ ಕಿರೀಟವನ್ನು ವಸ್ತ್ರದಲ್ಲಿ ಸುತ್ತಿ, ಆಟ ಮಾಡಿಸುವ ಊರ ಪಂಚರ ಮನೆಗೆ ಕಳಿಸಿಬಿಟ್ಟರು. ಊರೆಲ್ಲ ಆ ‘ನಿಮ್ಮಂಥವರಿಗೆ’ ಎಂಬ ಮಾತನ್ನು ಎಳೆದಾಡಿತು. ವಯಸ್ಸಾದವರಿಗೆ ಎಂದೋ? ಮುಸಲ್ಮಾನರಿಗೆ ಎಂದೋ? ನಮ್ಮೂರಲ್ಲಿ ಆವರೆಗೆ ಯಾರೂ ಕೇಳದಿದ್ದ ಪ್ರಶ್ನೆಯನ್ನು ನನ್ನ ಎಂ.ಎ. ತಂದು ಕಟ್ಟೆಯ ಮೇಲೆ ಇಟ್ಟಿತ್ತು.

ಓಡಿಹೋಗಿ ಕಾಕಾಗೆ ತಿಳಿಸಿ ಹೇಳಿದೆ: ಆ ಕಡೆ ಸೋಗು ಅಂದರೆ ಬೇರೆ, ಅವರು ಹೇಳಿದ್ದು ಬೇರೆ. ಕಾಕಾ ನನ್ನ ಮುಖ ನೋಡಲಿಲ್ಲ. “ಮಾತು ಹೊಳ್ಳಿಸಬ್ಯಾಡೋ ತಮ್ಮಾ. ದೊಡ್ಡ ಸಾಲಿ ಕಲಿಸಾವ್ರು ಹೇಳ್ಯಾರ. ಸೋಗಿನ್ಯಾಗ ನೀ ಚಂದ ಕಾಣೂದಿಲ್ಲ ಅಂತ ಇಷ್ಟು ದಿನಾ ನೀವ್ಯಾರೂ ಹೇಳಲಿಲ್ಲ, ಅವರು ಹೇಳಿದ್ರು. ಅವರ ಬಾಯಿಂದ ಬಂದದ್ದು ಅವರ ಬಾಯಿಂದನ ಹೋಗಬೇಕು.” ಒಳಗಿನಿಂದ ಕಾಕಿ ಕೂಗಿದಳು: “ಆ ಸಾಹೇಬಗ ಲಗೂನ ಹೇಳಪಾ! ಇವರು ಅಲ್ಲಿ ರಾಜಾ ಆಗೂದು ಬಿಟ್ರ ಆ ದರ್ಬಾರೆಲ್ಲಾ ಮನ್ಯಾಗ ನನ್ನ ಮುಂದ ಸುರು ಆಕ್ಕೈತಿ.”

ಬಂಗಲೆಯಲ್ಲಿ ಪ್ರೊಫೆಸರರು ನನ್ನ ಮಾತು ಕೇಳಿ ಮೊದಲು ಶಬ್ದದ ಮೂಲ ಹೇಳಿದರು, ಆಮೇಲೆ ತಾವು ಆಡಿದ್ದು ಶುದ್ಧ ಕನ್ನಡ ಎಂದರು. ನೀವೇ ಬಂದು ‘ಸೋಗು ಹಾಕಿ’ ಎಂದು ಒಂದು ಮಾತು ಹೇಳಬೇಕು ಸರ್, ಎಂದೆ. ಬೆಚ್ಚಿಬಿದ್ದರು. “ಅಂಥಾ ಹಿರಿಯರ ಮುಖಕ್ಕೆ ನೀವು ಸೋಗು ಹಾಕಿ ಅಂತ ಹೇಳೋದೇ? ಏನ್ರೀ ಇದು, ಅವಮಾನ ಅಲ್ವೇ?” ಮಾಡಿದ ಅವಮಾನ ಕಾಣಿಸದು, ಮಾಡದ ಅವಮಾನಕ್ಕೆ ನಾಚಿಕೆ! ಇಂಥವರಿಗೆ ಉತ್ತರ ಹೇಳಿ ನಾನು ಕೆಡಲಿಲ್ಲ. ರಾಜನಿಲ್ಲದಿದ್ದರೆ ಆಟವಿಲ್ಲ, ಆಟವಿಲ್ಲದಿದ್ದರೆ ದೆಹಲಿಯಲ್ಲಿ ಏನು ಹೇಳುತ್ತೀರಿ, ಎಂದಷ್ಟೇ ಕೇಳಿದೆ. ಬೆಳಗಾಗುತ್ತಲೇ ಕೋಟು ಹಾಕಿಕೊಂಡರು.

ಮರುದಿನ ಮುಂಜಾನೆ ಅರ್ಧ ಊರು ಕಟ್ಟೆಯ ಮುಂದೆ ನಿಂತಿತ್ತು. ಪ್ರೊಫೆಸರರು ಕಾಕಾನ ಕಣ್ಣು ತಪ್ಪಿಸಿ, ಗೋಡೆಯ ಗೂಟ ನೋಡುತ್ತ, “ಯಜಮಾನರೇ, ನೀವು... ದಯವಿಟ್ಟು... ಸೋಗು ಹಾಕಿ,” ಎಂದರು.

ಕಾಕಾ ಅಷ್ಟಕ್ಕೆ ಬಿಡಲಿಲ್ಲ. “ನಮ್ಮಂಥಾವ್ರಿಗೆ ಒಪ್ಪತೈತೇನ್ರಿ?”

ಪ್ರೊಫೆಸರರ ಹಣೆಯಲ್ಲಿ ಬೆವರು. “ನಿಮಗೆ... ನಿಮಗೆ ಸೋಗು ಬಹಳ ಚೆನ್ನಾಗಿ ಒಪ್ಪುತ್ತೆ,” ಎಂದು ತಲೆ ತಗ್ಗಿಸಿದರು.

ಕಾಕಾನ ಕಣ್ಣು ತುಂಬಿ ಬಂದವು. ಪ್ರೊಫೆಸರರ ಎರಡೂ ಕೈ ಹಿಡಿದು, “ಹಾಕ್ತೇನ್ರಿ ಸಾಹೇಬ್ರ! ನೀವೂ ಒಂದ ಸಲ ಹಾಕ್ರಿ. ಖರೇ ಹೇಳ್ತೇನಿ, ಸೋಗು ನಿಮಗೂ ಭಾಳ ಒಪ್ಪತೈತಿ,” ಎಂದರು. ಮಂದಿಯೆಲ್ಲ ಹೌದೌದು ಎಂದಿತು. ಪ್ರೊಫೆಸರರ ಮುಖ ಕೆಂಪಗಾಯಿತು. ನಾನು ಕೆಮ್ಮುತ್ತ ಹಿತ್ತಲಿಗೆ ಹೋದೆ.

ಆಟ ನಡೆಯಿತು. ಕಾಕಾ ಅಟ್ಟದ ಮೇಲೆ ಕಾಲಿಟ್ಟಾಗ ಹಲಗೆ ಗುಡುಗಿದವು. ಪ್ರೊಫೆಸರರು ಅದಕ್ಕೂ ಮೊದಲೇ ಮುಂದಿನ ಸಾಲಿನಲ್ಲಿ ನಿದ್ದೆ ಹೋಗಿದ್ದರು. ದೆಹಲಿಯ ಉಪನ್ಯಾಸ ಬಹಳ ಚೆನ್ನಾಗಿ ಆಯಿತಂತೆ. ಅದರ ವಿಷಯ ‘ಗ್ರಾಮೀಣ ನಟನ ಮೌನ’.

ನನಗೂ ಎಂ.ಎ. ಸಿಕ್ಕಿತು. ಪದವಿ ಕೊಟ್ಟ ದಿನದ ಫೋಟೋವನ್ನು ಅವ್ವ ಪಡಸಾಲೆಯಲ್ಲಿ ತೂಗುಹಾಕಿದಳು. ಕಾಕಾ ಒಂದು ದಿನ ಬಂದವರು ಅದರ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತರು. ಫೋಟೋದಲ್ಲಿ ನನಗೆ ಕರಿ ನಿಲುವಂಗಿ, ತಲೆಯ ಮೇಲೆ ಚಪ್ಪಟೆ ಟೊಪ್ಪಿಗೆ, ಕೈಯಲ್ಲಿ ಸುರುಳಿ.

“ಭಲೆ! ಛಲೋ ಸೋಗು ಹಾಕೀಯಲ್ಲೋ. ಮೈಮ್ಯಾಲಿನ ಅರಿವಿ ನಿನ್ನವನ?”

“ಇಲ್ಲ ಕಾಕಾ, ಬಾಡಿಗಿವು.”

“ಇರ್ಲಿ, ಸೋಗಿನ ಅರಿವಿ ಯಾರು ಸ್ವಂತ ಹೊಲಿಸ್ತಾರು. ಮಾತು ಎಷ್ಟಿದ್ವು?”

“ಮಾತಿಲ್ಲ ಕಾಕಾ. ಹೆಸರು ಕೂಗತಾರ. ಹೋಗಿ, ಬಗ್ಗಿ, ಕಾಗದಾ ಇಸಗೊಂಡು ಬರೂದು, ಅಷ್ಟ.”

ಕಾಕಾಗೆ ನನ್ನ ಮೇಲೆ ಮರುಕ ಬಂತು. ಬೆನ್ನ ಮೇಲೆ ಕೈಯಾಡಿಸಿ ಹೇಳಿದರು: “ಮನಸಿಗೆ ಹಚಗೋಬ್ಯಾಡ ತಮ್ಮಾ. ಮೊದಲನೇ ಸಲಕ್ಕ ಮಾತಿರೋ ಸೋಗು ಯಾರೂ ಕೊಡೂದಿಲ್ಲ.”