ಗೆರೆಯಿಲ್ಲದ ಮರಳು

ಶಾಮನೂರಿನ ನಮ್ಮ ಮನೆಯೆದುರು ಯಾರೋ ಮನೆ ಕಟ್ಟಿಸಲು ಮರಳು ಸುರಿಸಿದ್ದಾರೆ. ಬೆಳಿಗ್ಗೆ ನೋಡಿದರೆ ಗಾಳಿ ಅದರ ಮೈಮೇಲೆ ಸಣ್ಣ ಸಣ್ಣ ಅಲೆ ಎಬ್ಬಿಸಿತ್ತು. ನೀವಾಗಿದ್ದರೆ ಚೆನ್ನಾಗಿದೆ ಎಂದು ಮುಂದೆ ಹೋಗುತ್ತಿದ್ದಿರಿ. ನನಗೆ ಬಲಗಾಲು ತಣ್ಣಗಾದಂತಾಯಿತು.

ಅರವತ್ತರ ದಶಕದ ಮೊದಲ ವರ್ಷಗಳು. ದಾವಣಗೆರೆಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ನಾನು ಭೂಗೋಳದ ಮೇಷ್ಟ್ರು. ಕೆಲಸ ಹೊಸದು, ಗತ್ತು ಅದಕ್ಕಿಂತ ಹೊಸದು. ಒಂದು ಬೇಸಿಗೆ ಇಪ್ಪತ್ತು ಹುಡುಗಿಯರನ್ನು ರೈಲಿನಲ್ಲಿ ಹರಿಹರಕ್ಕೆ ಕರೆದೊಯ್ದೆ. ತುಂಗಭದ್ರೆ ಬತ್ತಿ, ಮರಳ ಮೇಲೆ ನೀರು ಬಿಟ್ಟುಹೋದ ಅಲೆಗಳು ಸಾಲಾಗಿ ಕಾಣುತ್ತಿದ್ದವು. "ನೋಡಿ, ನೀರು ಬಂದು ಹೊಡೆಯುವ ಕಡೆ ಅಲೆ ಕಡಿದಾಗಿರುತ್ತೆ" ಎಂದೆ.

ಅಲ್ಲೇ ಹೊಳೆಮರಳಲ್ಲಿ ಕಲ್ಲಂಗಡಿ ಬೆಳೆಯುತ್ತಿದ್ದ ಖಾತೂನ್‌ಬಿ, ಐವತ್ತರ ಹೆಂಗಸು, ಬಳ್ಳಿಗೆ ನೀರು ಹಾಕುತ್ತಾ ಕೇಳಿಸಿಕೊಂಡಳು. "ಉಲ್ಟಾ ಆತಲ್ರೀ ಮೇಷ್ಟ್ರೆ. ನೀರು ಮರಳನ್ನ ಮೆಲ್ಲಕ ಏರಿಸ್ತೈತೆ, ಆಚೆ ಕಡಿಗೆ ಧಪ್ ಅಂತ ಕೆಡವ್ತೈತೆ. ಗಾಳಿನೂ ಹಂಗೇ. ಕಡಿದಾಗಿರೋದು ಹೋಗೋ ದಿಕ್ಕು."

"ಪುಸ್ತಕದಲ್ಲಿ ಹೀಗೇ ಇದೆ" ಎಂದೆ. ಪುಸ್ತಕದಲ್ಲಿ ಹಾಗೇನೂ ಇರಲಿಲ್ಲ, ನಾನೇ ಊಹಿಸಿದ್ದು.

ಮಾತು ಮುಗಿಸಬೇಕೆಂದು ನೀರಿನಂಚಿನ ನುಣ್ಣನೆಯ ಮರಳಿನತ್ತ ಹೊರಟೆ. "ಅಲ್ಲಿಗೆ ಹೋಗಬ್ಯಾಡ್ರೀ, ಅಲ್ಲಿ ಮರಳ ಮ್ಯಾಲೆ ಅಲೆ ಗೆರೆನೇ ಇಲ್ಲ, ಕೆಳಗಿಂದ ನೀರು ಉಕ್ತೈತೆ" ಎಂದು ಆಕೆ ಕೂಗಿದಳು. ಹೆಂಗಸಿನ ಮಾತು ಕೇಳಿ ಹಿಂದಿರುಗುವುದೇ, ಅದೂ ಹುಡುಗಿಯರ ಎದುರು? ಎರಡು ಹೆಜ್ಜೆ ಇಟ್ಟೆ. ಬಲಗಾಲು ತೊಡೆಯವರೆಗೆ ಇಳಿಯಿತು. ಎಡಗಾಲೂ ಹಿಂಬಾಲಿಸಿತು.

ಖಾತೂನ್‌ಬಿ ಗುಡಿಸಲಿನ ಬಿದಿರ ತಟ್ಟಿ ಕಿತ್ತು ತಂದು ನನ್ನ ಮುಂದೆ ಹಾಸಿದಳು. "ಅದರ ಮ್ಯಾಲೆ ಮಲಗ್ರಿ. ಒದ್ದಾಡಿದ್ರೆ ಇನ್ನೂ ಹೂತ್ಕೊಂತೀರಿ."

ಇಪ್ಪತ್ತು ಹುಡುಗಿಯರ ಎದುರು ಬೋರಲು ಮಲಗಿದೆ. ಆಕೆ ನನ್ನ ಕಂಕುಳಿಗೆ ಕೈಹಾಕಿ ನಿಧಾನವಾಗಿ ಎಳೆದಳು. ಒಬ್ಬಳೂ ನಗಲಿಲ್ಲ, ನಕ್ಕಿದ್ದರೆ ಹಗುರವಾಗುತ್ತಿತ್ತು.

ಕಾಲಿಗೆ ನೀರು ಹೊಯ್ಯುತ್ತಾ ಆಕೆ ಎಲ್ಲರಿಗೂ ಕೇಳುವಂತೆ ಹೇಳಿದಳು: "ನಮ್ಮ ಯಜಮಾನ್ರೂ ಮೊದಲ್ನೇ ವರ್ಷ ಅಲ್ಲೇ ಸಿಕ್ಕೊಂಡಿದ್ರು." ಅದು ನಿಜವೋ, ನನ್ನ ಮಾನ ಉಳಿಸಲು ಹೇಳಿದ್ದೋ, ನಾನು ಕೇಳಲಿಲ್ಲ.

ಮರುದಿನ ಬೋರ್ಡಿನ ಮೇಲೆ ಅಲೆಯನ್ನು ಸರಿಯಾಗಿ ಬರೆದೆ. "ನಿನ್ನೆ ನಾನು ಹೇಳಿದ್ದು ತಪ್ಪು, ಪುಸ್ತಕದ ಹೆಸರಲ್ಲಿ ಸುಳ್ಳೂ ಹೇಳಿದೆ" ಎಂದೆ. ಅಂದಿನಿಂದ ಏನೇ ಪಾಠ ಮಾಡಲಿ, ಹಿಂದಿನ ಬೆಂಚಿನಿಂದ ಒಂದು ದನಿ ಏಳುತ್ತಿತ್ತು: "ಸಾರ್, ಖಾತೂನ್‌ಬೀನ ಕೇಳಿದ್ರಾ?" ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ, ಗೊತ್ತಿದ್ದವರನ್ನು ಕೇಳಿಕೊಂಡೇ ಕ್ಲಾಸಿಗೆ ಹೋಗತೊಡಗಿದೆ.

ಈಗ ವಯಸ್ಸಾಗಿದೆ. ನಾನು ಏನು ಹೇಳಿದರೂ ಮನೆಯವರು ಹೌದೆಂದು ತಲೆಯಾಡಿಸುತ್ತಾರೆ. ಹಿಂದಿನ ಬೆಂಚಿನ ಆ ಪ್ರಶ್ನೆಯನ್ನು ಈಗ ನನಗೆ ನಾನೇ ಕೇಳಿಕೊಳ್ಳಬೇಕಾಗಿದೆ.