ಶಿವನಂಜಪ್ಪನವರು ಅಟ್ಟಕ್ಕೆ ಹಾಕಿದ ಸಾಫ್ಟ್‌ವೇರ್

ಶಿವನಂಜಪ್ಪನವರ ಬಲಗಿವಿಯಲ್ಲಿ ಯಾವಾಗಲೂ ಒಂದಿಷ್ಟು ತೆಂಗಿನ ನಾರಿನ ಧೂಳು ಇರುತ್ತಿತ್ತು. ಎಡಗಿವಿ ಎಲ್ಲರ ಕಿವಿಯಂತೆ ಶುಭ್ರ. ದಂಡಿನಶಿವರದ ಸುತ್ತಮುತ್ತ ಯಾರ ಮನೆಯ ಅಟ್ಟದ ಮೇಲೆ ಕಾಯಿ ಒಣಗುತ್ತಿದ್ದರೂ, ಅದು ಕೊಬ್ಬರಿಯಾಗಿದೆಯೇ, ಈಗಲೇ ಒಡೆಯಬಹುದೇ, ಇನ್ನೊಂದು ತಿಂಗಳು ಕಾಯಬೇಕೇ ಎಂದು ತೀರ್ಪು ಕೊಡುತ್ತಿದ್ದುದು ಆ ಬಲಗಿವಿ. ಏಣಿ ಹತ್ತಿ, ಮೂಲೆಗೊಂದರಂತೆ ನಾಲ್ಕು ಕಾಯಿ ಆರಿಸಿ, ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವರು. ಒಳಗಿನ ಉಂಡೆ ಚಿಪ್ಪು ಬಿಟ್ಟು ಲೊಟಲೊಟ ಎಂದರೆ, ‘ಆಯ್ತು ಕಣಪ್ಪ, ಒಡ್ಕೋ.’ ಸದ್ದಿಲ್ಲದಿದ್ದರೆ, ‘ಇನ್ನೂ ಹಸೀದು, ಮಲಿಕ್ಕಳ್ಳಿ ಬುಡು.’ ಅದರ ಮೇಲೆ ಅಪೀಲಿಲ್ಲ.

ಅವರು ಕಂಪ್ಯೂಟರ್ ಕೊಳ್ಳಲು ತಿಪಟೂರಿನ ನನ್ನ ಅಂಗಡಿಗೆ ಬಂದ ದಿನ, ಡಬ್ಬವನ್ನು ಎರಡೂ ಕೈಯಲ್ಲೆತ್ತಿ ಕಿವಿಗೆ ಹಿಡಿದು ಅಲ್ಲಾಡಿಸಿಯೇಬಿಟ್ಟರು. ನಾನು ಕೌಂಟರ್ ದಾಟಿ ಓಡಿದೆ.

‘ಅಣ್ಣಾ, ಅದು ಕಾಯಲ್ಲ!’

‘ಗೊತ್ತು ಕಣಪ್ಪ ರಾಜಣ್ಣ. ಒಳಗೆ ಏನೂ ಬಿಟ್ಕೊಂಡಿಲ್ಲ. ಕಾಯಾದ್ರೆ ಬ್ಯಾಡ ಅಂತಿದ್ದೆ. ಇದಕ್ಕೆ ಅದೇ ಒಳ್ಳೇದೇನೋ?’

ಒಳ್ಳೆಯದೆಂದೆ. ಕೊಂಡರು.

ಆ ಕಾಲದಲ್ಲಿ ನನ್ನ ಸ್ಥಾನಮಾನವೇನು ಎಂಬುದನ್ನು ಇಲ್ಲಿ ವಿನಯಪೂರ್ವಕವಾಗಿ ದಾಖಲಿಸಬೇಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರೂ ತಾಲ್ಲೂಕಿನ ಕಂಪ್ಯೂಟರುಗಳಿಗೆ ಬೇಕಾದ ಸಾಫ್ಟ್‌ವೇರ್ ನನ್ನ ಬೀರುವಿನಲ್ಲಿತ್ತು. ಬೀರುವಿನ ಕೀಲಿಕೈ ನನ್ನ ಉಡಿದಾರದಲ್ಲಿತ್ತು. ಸೀಡಿಗಳನ್ನು ಒರೆಸಿ, ಹೆಸರು ಬರೆದು, ಸಾಲಾಗಿ ಜೋಡಿಸಿದ್ದೆ. ಅವುಗಳ ಮೂಲ ತಂದೆತಾಯಿ ಯಾರೆಂದು ನಾನು ಕೇಳಿರಲಿಲ್ಲ, ಊರವರೂ ಕೇಳುವಷ್ಟು ಅಸಭ್ಯರಾಗಿರಲಿಲ್ಲ. ಫೋಟೋ ಸ್ಟುಡಿಯೋದವರು, ಲಗ್ನಪತ್ರಿಕೆ ಅಚ್ಚು ಹಾಕುವವರು, ಮಂಡಿಯ ರೈಟರುಗಳು ನನ್ನ ಅಂಗಡಿಯ ಬೆಂಚಿನ ಮೇಲೆ ಕೈಕಟ್ಟಿ ಕೂರುತ್ತಿದ್ದರು. ನಾನು ಸೀಡಿ ಹಾಕಿ, ಹಸಿರು ಪಟ್ಟಿ ನಿಧಾನವಾಗಿ ತುಂಬುವುದನ್ನು ನೋಡುತ್ತ ‘ಹ್ಞೂಂ’ ಎನ್ನುತ್ತಿದ್ದೆ. ಆ ಹ್ಞೂಂಕಾರಕ್ಕೆ ಒಂದು ಬೆಲೆಯಿತ್ತು.

ಶಿವನಂಜಪ್ಪನವರಿಗೆ ಕಂಪ್ಯೂಟರ್ ಬೇಕಾಗಿದ್ದುದು ತಮ್ಮ ತೋಟದ ಮರಗಳ ಚರಿತ್ರೆ ಬರೆಯಲು. ಒಂದೊಂದು ಮರಕ್ಕೂ ಒಂದು ಫೋಟೋ, ಅದರ ಕೆಳಗೆ ಅದರ ವಿವರ. ಯಾರು ನೆಟ್ಟದ್ದು, ಸಸಿ ಎಲ್ಲಿಯದು, ಅದರ ಕಾಯಿ ಅಟ್ಟದಲ್ಲಿ ಎಷ್ಟು ತಿಂಗಳಿಗೆ ಉಂಡೆ ಬಿಡುತ್ತದೆ, ಬಿತ್ತನೆಗೆ ಆಗುತ್ತದೋ ಇಲ್ಲವೋ. ‘ನನ್ನ ತಲೇಲಿ ಅವೆ. ತಲೆ ಎಷ್ಟು ದಿನ ಇರ್ತೈತೆ?’ ಎಂದರು. ನಾನು ಬೀರು ತೆಗೆದು, ಫೋಟೋ ಜೋಡಿಸಿ ಕೆಳಗೆ ಬರೆಯುವಂಥ ಒಂದು ಸೀಡಿ ಆರಿಸಿ ಹಾಕಿಕೊಟ್ಟೆ. ಒಂದು ವರ್ಷ ಬರೆದರು. ವರ್ಷ ತುಂಬಿದ ಮರುದಿನ ಆ ಸಾಫ್ಟ್‌ವೇರ್, ನಿಮ್ಮ ಪ್ರತಿ ಅಸಲಿಯಲ್ಲ ಎಂದು ತೆರೆಯ ಮೇಲೆ ಇಂಗ್ಲಿಷಿನಲ್ಲಿ ಘೋಷಿಸಿ, ಬರೆದದ್ದನ್ನೆಲ್ಲ ಒಳಗಿಟ್ಟುಕೊಂಡು ಬಾಗಿಲು ಹಾಕಿತು. ನಾನು ಮೂರು ದಿನ ಅದರ ಮುಂದೆ ಹ್ಞೂಂ ಎಂದೆ. ತೆರೆಯಲಿಲ್ಲ.

ಬೈಯುತ್ತಾರೆಂದು ಕಾದೆ. ಬೈದಿದ್ದರೆ ನಾನೂ ಎರಡು ಮಾತಾಡಿ ಸರಿಮಾಡಿಕೊಳ್ಳುತ್ತಿದ್ದೆ. ಅವರು, ‘ಆಯ್ತು ಬುಡಪ್ಪ, ನೀನೇನು ಬೇಕು ಅಂತ ಮಾಡ್ದಾ?’ ಎಂದು ಕಂಪ್ಯೂಟರನ್ನು ಬಸ್ಸಿಗೆ ಹಾಕಿಕೊಂಡು ಹೋದರು. ಆಮೇಲೆ ನನ್ನ ಬೆಂಚಿಗೆ ಬರಲೇ ಇಲ್ಲ.

ಕಂಪ್ಯೂಟರಿನೊಳಗೇ ಒಂದು ಅಂಗಡಿ ಇದೆ, ಸ್ಟೋರ್ ಎಂದು. ಇಡೀ ಲೋಕದ ಸಾಫ್ಟ್‌ವೇರ್ ಆ ಒಂದೇ ಅಂಗಡಿಯಲ್ಲಿ. ಬೀರುವಿಲ್ಲ, ಕೀಲಿಯಿಲ್ಲ, ಹ್ಞೂಂ ಎನ್ನುವವರಿಲ್ಲ. ನನ್ನ ಗಿರಾಕಿಗಳ ಕಣ್ಣಿಗೆ ಅದು ಬೀಳದಂತೆ ನಾನು ಅದರ ಗುರುತನ್ನು ತೆರೆಯಿಂದ ತೆಗೆದೇ ಕಂಪ್ಯೂಟರ್ ಕೊಡುತ್ತಿದ್ದೆ. ಶಿವನಂಜಪ್ಪನವರು ಅದನ್ನು ತಾವೇ ಹುಡುಕಿಕೊಂಡರು. ಅಲ್ಲಿ ಅಲ್ಲಾಡಿಸಿ ನೋಡಲು ಏನೂ ಇಲ್ಲವಲ್ಲ, ಏನು ಮಾಡುತ್ತಾರೋ ನೋಡೋಣ ಎಂದು ನಾನು ಒಳಗೊಳಗೇ ಸುಖಪಟ್ಟೆ.

ಅವರು ಮಾಡಿದ್ದು ಇದು. ಸ್ಟೋರಿನಲ್ಲಿ, ಬೇಕೆನಿಸಿದ ಸಾಫ್ಟ್‌ವೇರನ್ನು ಆಮೇಲೆ ಕೊಳ್ಳುವುದಕ್ಕೆ ಗುರುತು ಹಾಕಿ ಎತ್ತಿಡುವ ಪಟ್ಟಿಯೊಂದಿದೆ. ಅದಕ್ಕೆ ಅವರು ಅಟ್ಟ ಎಂದು ಹೆಸರಿಟ್ಟರು. ಯಾವ ಸಾಫ್ಟ್‌ವೇರ್ ಕಣ್ಣಿಗೆ ಬಿದ್ದರೂ ಮೊದಲು ಅಟ್ಟಕ್ಕೆ. ಕಾಯಿಗೆ ಎಷ್ಟು ದಿನವೋ ಇದಕ್ಕೂ ಅಷ್ಟೇ, ಹನ್ನೊಂದು ತಿಂಗಳು. ತಿಂಗಳಿಗೊಮ್ಮೆ ಅಟ್ಟ ಹತ್ತಿ, ಕೊಂಡವರು ಬರೆದ ಅಭಿಪ್ರಾಯಗಳನ್ನು ಓದುವುದು. ಐದು ನಕ್ಷತ್ರ ಕೊಟ್ಟವರನ್ನು ಅವರು ಓದುತ್ತಿರಲಿಲ್ಲ. ‘ಹೊಗಳೋರು ಎಲ್ಲಾದ್ರೂ ಸಿಗ್ತಾರೆ. ಒಂದು ನಕ್ಷತ್ರ ಕೊಟ್ಟೋನು ದುಡ್ಡು ಕೊಟ್ಟು ನೊಂದಿರ್ತಾನೆ, ಅವನ ಮಾತು ಕೇಳು’ ಎನ್ನುವರು. ಬೈದವರು ಹೇಳಿದ ದೋಷವನ್ನು ಸಾಫ್ಟ್‌ವೇರ್ ಮಾಡಿದವರು ತಿದ್ದಿದ್ದರೆ ‘ಉಂಡೆ ಬಿಟ್ಟೈತೆ’ ಎಂದು ಕೊಳ್ಳುವುದು. ತಿದ್ದದಿದ್ದರೆ ‘ಹಸೀದು’. ಕೆಲವು ಹನ್ನೊಂದು ತಿಂಗಳಲ್ಲಿ ಸ್ಟೋರಿನಿಂದಲೇ ಮಾಯವಾಗುತ್ತಿದ್ದವು. ‘ನೋಡ್ದಾ, ಕೊಳ್ತು ಹೋಯ್ತು. ತಗೊಂಡಿದ್ರೆ?’

ಲೋಕದಲ್ಲಿ ಇನ್ಯಾರೂ ಸಾಫ್ಟ್‌ವೇರನ್ನು ಹೀಗೆ ಒಣಗಿಸಿ ಕೊಂಡಿರಲಾರರು. ಶುದ್ಧ ಅವಿವೇಕ ಎಂದು ನಾನು ಬಂದವರಿಗೆಲ್ಲ ಹೇಳಿದೆ. ಜನ ಎಷ್ಟು ಕೃತಘ್ನರೆಂದರೆ, ನಾನು ಹೇಳಿದ್ದನ್ನು ಕೇಳಿ, ದಾರಿ ವಿಚಾರಿಸಿಕೊಂಡು, ಅವರ ತೋಟಕ್ಕೆ ಹೋದರು. ಮೊದಲು ಹೋದವನು ಶೆಟ್ಟಿಕೆರೆಯ ಸ್ಟುಡಿಯೋ ಲೋಕೇಶ, ನನ್ನ ಹೈಸ್ಕೂಲು ಗೆಳೆಯ.

‘ಲೇ ರಾಜ, ನಿನ್ ಸೀಡಿ ಎಲ್ಲಾ ಎತ್ತಿ ಹೊಲದಾಗೆ ಕಟ್ಲಾ, ಗಿಣಿ ಓಡಿಸ್ತವೆ’ ಎಂದ. ‘ಶಿವನಂಜಪ್ಪೋರು ಆಲ್ಬಮ್ ಮಾಡೋದು ಒಂದು ಹೇಳವ್ರೆ. ಅಟ್ಟಕ್ಕೆ ಹಾಕೀನಿ.’

‘ಹನ್ನೊಂದು ತಿಂಗಳು ಮದುವೆಯೋರು ಫೋಟೋಗೆ ಕಾಯ್ತಾರೇನ್ಲಾ?’

‘ಕಾಯಲಿ ಬುಡು. ನಿನ್ ಸೀಡೀಲಿ ಮಾಡಿದ ಆಲ್ಬಮ್ಮಿಗಿನ್ನೂ ಕಾಯ್ತಾ ಅವ್ರೆ.’

ನನಗೆ ಅಸೂಯೆ ಎಂಬ ಗುಣವಿಲ್ಲ. ಹೊಟ್ಟೆಯಲ್ಲಿ ಉರಿ ಇತ್ತು, ಅಷ್ಟೆ. ವೈದ್ಯರು ಖಾರ ಬಿಡಲು ಹೇಳಿದರು. ಬಿಟ್ಟೆ. ಉರಿ ಹೋಗಲಿಲ್ಲ. ಅಂಗಡಿಯ ವ್ಯಾಪಾರ ಇಳಿದದ್ದಕ್ಕಲ್ಲ, ಕಂಪ್ಯೂಟರ್ ರಿಪೇರಿ ಹೇಗೋ ನಡೆಯುತ್ತಿತ್ತು. ನನಗೆ ಬೇಕಾಗಿದ್ದುದು ಒಂದೇ: ಶಿವನಂಜಪ್ಪನವರು ಇನ್ನೊಂದು ಸಲ ನನ್ನ ಬೆಂಚಿನ ಮೇಲೆ ಕೂತು, ‘ರಾಜಣ್ಣ, ಇದು ಹೆಂಗಪ್ಪ?’ ಎಂದು ಕೇಳಬೇಕು.

ಅಷ್ಟರಲ್ಲಿ ಇನ್ನೊಂದಾಯಿತು. ಮರಗಳ ಚರಿತ್ರೆಯನ್ನು ಮತ್ತೆ ಮೊದಲಿನಿಂದ ಬರೆಯಲೆಂದು ಅವರು ಸ್ಟೋರಿನಿಂದ ಕೊಂಡ ಸಾಫ್ಟ್‌ವೇರಿನಲ್ಲಿ ಕನ್ನಡ ಬರೆದರೆ ಅಕ್ಷರದ ಬದಲು ಡಬ್ಬಿಗಳು ಕಾಣುತ್ತಿದ್ದವು. ಅವರು ಸ್ಟೋರಿನಲ್ಲೇ ಕನ್ನಡದಲ್ಲೇ ಅಭಿಪ್ರಾಯ ಬರೆದರು. ‘ಸ್ವಾಮಿ, ಕಾಯಿ ಚೆನ್ನಾಗಿದೆ, ಚಿಪ್ಪಿನಲ್ಲಿ ದೋಷವಿದೆ’ ಎಂದು ಶುರುಮಾಡಿ ಒಂದು ಪುಟ. ಯಾವುದೋ ದೇಶದಲ್ಲಿ ಕೂತ ಅದರ ಮಾಲೀಕ ಅದನ್ನು ಹೇಗೆ ಓದಿಸಿಕೊಂಡನೋ, ಕ್ಷಮೆ ಕೇಳಿ ಉತ್ತರ ಬರೆದ. ಮುಂದಿನ ತಿಂಗಳು ಕನ್ನಡ ಮುತ್ತಿನಂತೆ ಕಂಡಿತು. ಇಪ್ಪತ್ತು ವರ್ಷ ಸಾಫ್ಟ್‌ವೇರ್ ಹಂಚಿದ ನನಗೆ ಯಾವ ದೇಶದಿಂದಲೂ ಒಂದು ಕಾಗದ ಬಂದಿರಲಿಲ್ಲ. ಬಂದಿದ್ದರೆ ಅದು ಕೋರ್ಟಿನಿಂದಲೇ ಬರುತ್ತಿತ್ತು ಎಂಬುದು ಬೇರೆ ಮಾತು.

ಈ ಸುದ್ದಿ ಕಿವಿಗೆ ಬಿದ್ದ ದಿನ ಮಧ್ಯಾಹ್ನ ಊಟವಾದ ಮೇಲೆ ನಾನು ಅಂಗಡಿಯ ಷಟರ್ ಅರ್ಧ ಇಳಿಸಿದೆ. ಸ್ಟೋರಿನಲ್ಲಿ ‘ಸತ್ಯಾನ್ವೇಷಿ’ ಎಂಬ ಹೆಸರಿನ ಹೊಸ ಅಕೌಂಟು ತೆರೆದು, ಅದೇ ಸಾಫ್ಟ್‌ವೇರಿಗೆ ಒಂದೇ ನಕ್ಷತ್ರ ಕೊಟ್ಟೆ. ಆಮೇಲೆ ಬರೆದೆ: ‘ಎಚ್ಚರ. ಇದರಲ್ಲಿ ಇಟ್ಟದ್ದು ಒಂದು ದಿನ ತೆರೆಯದು. ಬರೆದದ್ದೆಲ್ಲ ಕಾಗದದ ಮೇಲೆ ಇಲ್ಲದಿದ್ದರೆ ಮನೆಯವರಿಗೆ ಏನೂ ಸಿಗದು. ಕಣ್ಣೀರಿಟ್ಟು ಬರೆಯುತ್ತಿದ್ದೇನೆ.’ ನಾನು ಆ ಸಾಫ್ಟ್‌ವೇರನ್ನು ಕಣ್ಣಿಂದಲೂ ನೋಡಿರಲಿಲ್ಲ.

ವಾರದೊಳಗೆ ಶಿವನಂಜಪ್ಪನವರು ಕಂಪ್ಯೂಟರ್ ಹೊತ್ತು ನನ್ನ ಅಂಗಡಿಯ ಮೆಟ್ಟಿಲು ಹತ್ತಿದರು. ಸೊರಗಿದ್ದರು. ಅಂಗಿಯ ಕೊರಳಪಟ್ಟಿ ದೊಡ್ಡದಾಗಿ ಕಂಡಿತು. ಬೆಂಚಿನ ಮೇಲೆ ಕೂತರು.

‘ರಾಜಣ್ಣ, ಇದು ಹೆಂಗಪ್ಪ? ಯಾರೋ ಪುಣ್ಯಾತ್ಮ ಹಿಂಗೆ ಬರೆದವ್ನೆ, ನಮ್ಮ ಕನ್ನಡದೋನೇ.’

ನನ್ನ ಬರಹವನ್ನು ನನಗೇ ಗಟ್ಟಿಯಾಗಿ ಓದಿ ಹೇಳಿದರು.

‘ಯಾರೋ ಹೊಟ್ಟೆಕಿಚ್ಚಿನೋರು ಬರೆದಿರಬೇಕು ಅಣ್ಣಾ’ ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

‘ಹೊಟ್ಟೆಕಿಚ್ಚಿನೋನು ಇಷ್ಟು ಚೆಂದಾಗಿ ಬರೀತಾನೇನಪ್ಪ? ಇವನು ನೊಂದವ್ನೆ. ಓದಿದೋನು, ತಿಳಿದೋನು. ಎಲ್ಲಾ ಕಾಗದಕ್ಕೆ ಇಳಿಸ್ಕೊಡು.’

ನನ್ನ ಬರವಣಿಗೆಯನ್ನು ಜೀವಮಾನದಲ್ಲಿ ಯಾರಾದರೂ ಮೆಚ್ಚಿದ್ದರೆ ಅದೇ ಮೊದಲು, ಅದೇ ಕೊನೆ. ನಾನು ಪ್ರಿಂಟರ್ ಚಾಲೂ ಮಾಡಿದೆ.

ಎರಡು ದಿನ ಹಿಡಿಯಿತು. ಬೆಳಗಿನ ಬಸ್ಸಿಗೆ ಬರುವರು, ಸಂಜೆಯ ಬಸ್ಸಿಗೆ ಹೋಗುವರು. ಒಂದೊಂದು ಹಾಳೆ ಹೊರಬಂದಾಗಲೂ ಬಿಸಿಯಿರುವಾಗಲೇ ಎತ್ತಿ ಓದುವರು. ‘ಇದು ನಮ್ಮ ಗೌರಮ್ಮ ಮದುವೆಯಾಗಿ ಬಂದ ವರ್ಷ ನೆಟ್ಟಿದ್ದು. ಅವಳಂಗೇ, ಬೇಗ ಬಿಟ್ಕೊಳಲ್ಲ, ಬಿಟ್ರೆ ಗಟ್ಟಿ.’ ‘ಈ ಮರದ ಕಾಯಿ ಬಿತ್ತನೆಗೆ ಮಡಗು ಅಂತ ಬರ್ದೀನಿ, ಓದು.’ ಓದಿದೆ. ಒಳ್ಳೆಯ ಮರಗಳು. ಲೋಕೇಶ ಯಾವುದೋ ಕೆಲಸಕ್ಕೆ ಬಂದವನು ಅವರು ನನ್ನ ಬೆಂಚಿನ ಮೇಲಿರುವುದನ್ನು ನೋಡಿ ಬಾಗಿಲಲ್ಲೇ ನಿಂತ. ನಾನು ಅವನತ್ತ ನೋಡದೆ ‘ಹ್ಞೂಂ’ ಎಂದೆ. ಅಷ್ಟು ಸುಖ ನನಗೆ ಆಮೇಲೆ ಸಿಕ್ಕಿಲ್ಲ.

ಹೇಳಿಬಿಡಬೇಕು ಎಂದು ಎರಡು ಸಲ ಬಾಯಿ ತೆರೆದೆ. ಒಂದು ಸಲ ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಂಡಿತು. ಇನ್ನೊಂದು ಸಲ ಏನೂ ಸಿಕ್ಕಿಕೊಳ್ಳಲಿಲ್ಲ, ನಾನೇ ಹೇಳಲಿಲ್ಲ. ಎರಡನೆಯ ಸಂಜೆ ಅವರು ಹಾಳೆಗಳನ್ನು ಪಂಚೆಯಲ್ಲಿ ಗಂಟುಕಟ್ಟಿ ಎದೆಗವುಚಿಕೊಂಡರು. ಕಂಪ್ಯೂಟರನ್ನು ನಾನು ಬಸ್ ಸ್ಟ್ಯಾಂಡಿನವರೆಗೆ ಹೊತ್ತೆ. ‘ಬತ್ತೀನಪ್ಪ’ ಎಂದರು. ನಾನವರನ್ನು ನೋಡಿದ್ದು ಅದೇ ಕೊನೆ.

ಎರಡು ತಿಂಗಳ ಮೇಲೆ ತೀರಿಕೊಂಡರು. ಕಾಯಿಲೆ ಮುಂಚಿನಿಂದಲೇ ಇತ್ತಂತೆ. ತಿಥಿಯೆಲ್ಲ ಮುಗಿದ ಮೇಲೆ ಅವರ ಹೆಂಡತಿ ಗೌರಮ್ಮನವರು ನನಗೆ ಹೇಳಿಕಳಿಸಿದರು. ಕಂಪ್ಯೂಟರ್ ತೆರೆಯುತ್ತಿಲ್ಲ. ಅಕೌಂಟು ಶಿವನಂಜಪ್ಪನವರ ಹೆಸರಿನಲ್ಲಿ, ಪಾಸ್‌ವರ್ಡ್ ಅವರ ತಲೆಯಲ್ಲಿ. ಅಟ್ಟವೂ, ಕೊಂಡದ್ದೂ, ಬರೆದದ್ದೂ ಆ ಒಂದೇ ಬಾಗಿಲಿನ ಒಳಗೆ. ಬೆಳಗಿನಿಂದ ಸಂಜೆಯವರೆಗೆ ನನಗೆ ತಿಳಿದದ್ದನ್ನೆಲ್ಲ ಮಾಡಿ ನೋಡಿದೆ. ಆಗಲಿಲ್ಲ.

‘ಹೋಗ್ಲಿ ಬುಡಿ ರಾಜಣ್ಣ’ ಎಂದರು ಗೌರಮ್ಮ. ಅವರ ಮಡಿಲಲ್ಲಿ ಆ ಹಾಳೆಗಳ ಕಟ್ಟು ಇತ್ತು, ಈಗ ಹೊಲಿಸಿ ರಟ್ಟು ಹಾಕಿಸಿದ್ದರು. ಅಂಚಿನಲ್ಲಿ ಅರಿಶಿನದ ಬೆರಳ ಗುರುತು. ಬಿತ್ತನೆ ಕಾಯಿ ಯಾವ ಮರದ್ದು ಇಳಿಸಬೇಕೆಂದು ಅದನ್ನು ಹಿಡಿದೇ ತೋಟ ಸುತ್ತಿ ಬಂದಿದ್ದರು. ‘ಇದು ಇರದಿದ್ರೆ ನಂಗೆ ಒಂದು ಮರಾನೂ ಗೊತ್ತಾಗ್ತಿರ್ಲಿಲ್ಲ.’

ನಾನು ತಲೆ ತಗ್ಗಿಸಿ, ಹೊಗಳಿಕೆಗೆ ಸಿದ್ಧನಾಗಿ ಕೂತೆ.

‘ಆ ಸತ್ಯಾನ್ವೇಷಿ ಅನ್ನೋರು ದೇವ್ರಂಗೆ ಬಂದು ಹೇಳಿದ್ರು ಕಣ್ರೀ. ನಮ್ಮ ಯಜಮಾನ್ರು ಇರೋವರ್ಗೂ ಅದೇ ಮಾತು. ಯಾರೋ ಗೊತ್ತಿಲ್ಲ, ಒಂದಿನ ಹುಡುಕ್ಸಿ ಮನೆಗೆ ಕರ್ದು ಊಟ ಹಾಕ್ಬೇಕು ಅಂತಿದ್ರು. ನಿಮಗೇನಾದ್ರೂ ಗೊತ್ತಾ?’

‘ಇಲ್ಲಮ್ಮಾ’ ಎಂದೆ.

ಅವರು ನನಗೆ ಕಾಫಿ ಕೊಟ್ಟರು. ಸಕ್ಕರೆ, ಹಾಲು ಎಲ್ಲ ಸರಿಯಾಗಿತ್ತು. ಆದರೂ ಆ ಮನೆಯ ಊಟ ಇನ್ನೊಬ್ಬನಿಗೆ ಮೀಸಲಾಗಿದೆಯಲ್ಲ, ಆ ಸತ್ಯಾನ್ವೇಷಿ ನನ್ನ ಬದಲು ಹೊಗಳಿಸಿಕೊಳ್ಳುತ್ತಾನಲ್ಲ ಎಂದು, ದೇವರಾಣೆಗೂ, ನನ್ನ ಹೊಟ್ಟೆ ಉರಿಯಿತು.