ತಿಥಿಗೆ ಬಂದ ಬಂಗಲೆಯವರು

"ನಾಳೆ ನಾನು ಕೆಲಸಕ್ಕೆ ಬರಕಿಲ್ಲ ಅಂತ ರೈಟರಿಗೆ ಹೇಳ್ಬುಡಿ." ನನ್ನ ಹೆಂಡತಿ ಕೊನೆಗೆ ಆಡಿದ ಮಾತು ಇದು. ರೈಟರು ಅಂದರೆ ಎಸ್ಟೇಟಿನ ಹಾಜರಿ ಬರೆಯೋ ಗುಮಾಸ್ತರು; ಅಲ್ಲಿ ಕಾಫಿ ಹಣ್ಣು ಕುಯ್ದೇ ಸವೆದವಳು ಅವಳು. ಅದೇ ಎಸ್ಟೇಟಿನ ಸಾಹುಕಾರ್ರ ಬಂಗಲೆಯ ಗೇಟು, ನಾಯಿ ನೋಡಿಕೊಳ್ಳುವುದು ನನ್ನ ಕೆಲಸ.

ಅವಳ ತಿಥಿಯ ಹಿಂದಿನ ದಿನ ರಜ ಕೇಳಲು ಹೋದೆ. ಸಾಹುಕಾರ್ರು, ಅಮ್ಮಾವ್ರು ಸಂಜೆಗೇ ಈಕ್ವೆಡಾರಿಗೆ ಹೊರಡುವವರು. ದಕ್ಷಿಣ ಅಮೆರಿಕದ ಕಡಲ ದಡದಲ್ಲಿರೋ ಸಣ್ಣ ದೇಶವಂತೆ. ಎಲ್ಲೆಲ್ಲಿ ಸುತ್ತೋದು ಅಂತ ಮೊಬೈಲಿನಲ್ಲಿ ಇನ್ನೂ ಹುಡುಕುತ್ತಿದ್ದರು.

"ಅಲ್ಲಿ ಕಾಫಿ ತೋಟಕ್ಕೆ ಬಿಡ್ತಾರೆ ಕಣೋ. ದುಡ್ಡು ಕಟ್ಟಿದ್ರೆ ನಾವೇ ಹಣ್ಣು ಕುಯ್ಬೋದು" ಅಂದರು ಅಮ್ಮಾವ್ರು.

"ಇಲ್ಲೇ ಆಗಿದ್ರೆ ಪುಕ್ಕಟೆ ಕುಯ್ಬೋದಿತ್ತಲ್ಲ ಅಮ್ಮಾವ್ರೇ" ಅಂದೆ.

ಸಾಹುಕಾರ್ರು ನಗಲಿಲ್ಲ. "ನೀನು ಹೋದ್ರೆ ನಾಯಿಗಳ್ನ ನೋಡೋರ್ಯಾರು? ಟಿಕೆಟ್ ಮುಂದಕ್ಕೆ ಹಾಕಕ್ಕಾಗಲ್ಲ ಮಾರಾಯ. ತಿಥಿ ಮುಂದಕ್ಕೆ ಹಾಕ್ಬೋದಲ್ಲ."

"ಅದ್ನ ಅವಳನ್ನೇ ಕೇಳ್ಬೇಕು ಸ್ವಾಮಿ."

ಅವರು ಮತ್ತೆ ಮೊಬೈಲಿಗೆ ತಿರುಗಿದರು. ಸಂಜೆ ಕಾರು ಹತ್ತಿದರು.

ಮಾರನೆ ಬೆಳಗ್ಗೆ ಎರಡು ನಾಯಿಗೂ ಸರಪಳಿ ಹಾಕಿ, ಹೊಂಗಡಹಳ್ಳದ ನಮ್ಮ ಮನೆಗೆ ನಡೆಸಿಕೊಂಡು ಹೋದೆ. ಪೂಜೆ ಮುಗಿದ ಮೇಲೆ ಅವಕ್ಕೂ ಎಲೆ ಹಾಕಿ ಬಡಿಸಿದೆ. ಬಂಗಲೆ ಕಡೆಯಿಂದ ತಿಥಿಗೆ ಬಂದವರು ಅವೆರಡೇ.